ಕೋವಿಗೆ ಹೂ ಮುಡಿಸುವ ದಿನ

ಬೆಂಗಳೂರಿನ ದಂಡುಪ್ರದೇಶದ ಆಚೆ, ರೈಲುಹಳಿಯ ಮಗ್ಗುಲಲ್ಲಿ ಲಿಂಗರಾಜಪುರವೆಂಬ ಬಡಾವಣೆಯಿದೆ. ಅಲ್ಲಿಂದ ತುಸು ದೂರ ನಡೆದರೆ ಸಿಗುವುದು ಫ್ರೇಜರ್ ಟೌನು. ಕಾಗದಪತ್ರಗಳಲ್ಲಿ ಅದು ಪುಲಕೇಶಿನಗರವಾಗಿದ್ದರೂ ಜನರ ಬಾಯಲ್ಲಿ ಇನ್ನೂ ಫ್ರೇಜರ್ ಟೌನೇ. ಕೊಡಗಿನ ಚರಿತ್ರೆಯನ್ನು ಬಲ್ಲವರಿಗೆ ಈ ಎರಡು ಹೆಸರುಗಳ ನೆರೆಹೊರೆ ನಗೆ ತರಿಸುತ್ತದೆ. 1811ರಿಂದ 1820ರವರೆಗೆ ಕೊಡಗನ್ನಾಳಿದ ದೊರೆ ಲಿಂಗರಾಜೇಂದ್ರ. ಅವನ ಮಗ ಚಿಕ್ಕವೀರರಾಜೇಂದ್ರನಿಂದ 1834ರಲ್ಲಿ ರಾಜ್ಯವನ್ನು ಕಂಪೆನಿಯ ಪರವಾಗಿ ವಶಪಡಿಸಿಕೊಂಡ ಅಧಿಕಾರಿ ಕರ್ನಲ್ ಫ್ರೇಜರ್. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಫ್ರೇಜರ್ ಬೇರೆಯವನು. ಅವನು ಎಷ್ಟೋ ಕಾಲದ ತರುವಾಯ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು. ಆದ್ದರಿಂದ ಇದು ಹೆಸರುಗಳ ವಿನೋದವೇ ಹೊರತು ಚರಿತ್ರೆಯಲ್ಲ. ಆದರೂ ನಮ್ಮ ಬೀದಿಯ ಸುಬೇದಾರರು ಇದನ್ನು ಹೇಳದೆ ಬಿಡುವವರಲ್ಲ. "ಮೇಷ್ಟ್ರೇ, ನಮ್ಮ ದೊರೆಯನ್ನೂ ಅವನ ಮಗನ ಗದ್ದುಗೆ ಕಿತ್ತವನನ್ನೂ ಒಂದೇ ಬಸ್ಸಿನ ಹಲಗೆಯ ಮೇಲೆ ಬರೆಸಿದ್ದೀರಲ್ಲ, ನೀವು ಬೆಂಗಳೂರಿನವರು!" ಎಂದು ಅವರು ಎಷ್ಟೋ ಸಲ ನಕ್ಕಿದ್ದುಂಟು.

ಸುಬೇದಾರರು ದಕ್ಷಿಣ ಕೊಡಗಿನವರು. ಸೈನ್ಯದಿಂದ ನಿವೃತ್ತರಾದ ಮೇಲೆ ಮಕ್ಕಳ ಉದ್ಯೋಗದ ನಿಮಿತ್ತ ಲಿಂಗರಾಜಪುರದಲ್ಲಿ ನೆಲೆಸಿದ್ದಾರೆ. ವರ್ಷದ ಹನ್ನೊಂದು ತಿಂಗಳು ನಮ್ಮೆಲ್ಲರಂತೆ ಹಾಲು, ತರಕಾರಿ, ನಲ್ಲಿಯ ನೀರು ಎಂದು ಓಡಾಡಿಕೊಂಡಿರುವ ಈ ಮನುಷ್ಯ ಆಗಸ್ಟು ಮುಗಿಯುತ್ತ ಬಂತೆಂದರೆ ಚಡಪಡಿಸತೊಡಗುತ್ತಾರೆ. ಸೆಪ್ಟೆಂಬರ್ 3 ಅವರ ಊರಿನಲ್ಲಿ ಕೈಲ್‌ಪೊಳ್ದ್. ಕೈಲ್ ಎಂದರೆ ಆಯುಧ, ಪೊಳ್ದ್ ಎಂದರೆ ಹಬ್ಬ. ಸಿಂಹ ಮಾಸದ 18ನೆಯ ದಿನಕ್ಕೆ ಬೀಳುವ ಈ ಹಬ್ಬವನ್ನು ಉತ್ತರದ ಕೆಲವು ನಾಡುಗಳವರು ಇನ್ನೂ ಮೊದಲೇ ಆಚರಿಸುತ್ತಾರೆ. ಕೈಲ್ ಮುಹೂರ್ತವೆಂದು ಪತ್ರಿಕೆಗಳಲ್ಲಿ ಬರುವುದೂ ಇದೇ. ಈ ಸಲ ಅವರು ನನ್ನನ್ನೂ ಹೊರಡಿಸಿದರು. "ಪುಸ್ತಕದಲ್ಲಿ ಓದಿದ್ದು ಸಾಕು, ಒಮ್ಮೆ ಮಂದಿಗೆ ಬನ್ನಿ" ಎಂದರು. ಮಂದ್ ಎಂದರೆ ಊರವರು ಕೂಡುವ ಹಸಿರು ಬಯಲು.

ಹೊರಡುವಾಗ ಅವರ ಕೈಚೀಲವೊಂದು ಅಳತೆಗೆ ಮೀರಿ ಭಾರವಾಗಿತ್ತು. ಎತ್ತಲು ಹೋದ ನನಗೆ ತೋಳು ಜಗ್ಗಿತು. ಒಳಗೇನೆಂದು ಕೇಳಿದರೆ, "ನಿಮ್ಮ ಸಾಹಿತ್ಯವೇ, ಮೇಷ್ಟ್ರೇ" ಎಂದು ಮುಗುಳ್ನಕ್ಕು ಸುಮ್ಮನಾದರು.

ದಾರಿಯ ಕುರಿತು ಹೆಚ್ಚು ಬರೆಯಬೇಕಾದದ್ದೇನೂ ಇಲ್ಲ. ಮೈಸೂರಿನವರೆಗೆ ಹೊಸ ಹೆದ್ದಾರಿ. ವೇಗವಾಗಿ ಹೋಗಬಹುದು, ಕಣ್ಣಿಗೆ ಮಾತ್ರ ಏನೂ ದಕ್ಕದು. ಹುಣಸೂರು ದಾಟಿ ತಿತಿಮತಿಯ ಕಾಡು ಹೊಕ್ಕ ಮೇಲೆಯೇ ಪ್ರಯಾಣವೆನ್ನಿಸುವುದು. ಗೋಣಿಕೊಪ್ಪದಲ್ಲಿ ಇಳಿದಾಗ ಮಳೆ ಬಿಟ್ಟಿತ್ತು. ಪೊನ್ನಂಪೇಟೆಯ ಕಡೆಯ ಗದ್ದೆಗಳಲ್ಲಿ ನಾಟಿ ಮುಗಿದು ಪೈರು ಬೇರೂರಿ ಕಡುಹಸಿರಾಗಿತ್ತು. ಕಾಫಿಯ ಕಾಯಿ ಇನ್ನೂ ಎಳೆಯದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳೆಂದರೆ ಕೊಡಗಿನಲ್ಲಿ ಬೆನ್ನು ಬಗ್ಗಿಸಿ ಕೆಸರಿನಲ್ಲಿ ನಿಂತಿರುವ ಕಾಲ, ಮದುವೆಯಿಲ್ಲ, ಸಂಭ್ರಮವಿಲ್ಲ. ಆ ದಿನಗಳಲ್ಲಿ ಮನೆಯ ಆಯುಧಗಳನ್ನು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಇರಿಸಿಬಿಡುವುದು ಹಿಂದಿನ ಪದ್ಧತಿ. ನೇಗಿಲು ಹಿಡಿದ ಕೈ ಕೋವಿಯನ್ನು ಹಿಡಿಯಬಾರದು. ನಾಟಿ ಮುಗಿದ ಮೇಲೆ ಅವುಗಳನ್ನು ಹೊರತೆಗೆದು, ತೊಡೆದು, ಪೂಜಿಸಿ, ಮತ್ತೆ ಕೈಗೆ ಕೊಡುವ ದಿನವೇ ಕೈಲ್‌ಪೊಳ್ದ್.

ಹಬ್ಬದ ಹಿಂದಿನ ಸಂಜೆ ಸುಬೇದಾರರ ಮೂಲಮನೆಯ ಅಂಗಳದ ಮೂಲೆಯಲ್ಲಿ, ಅಡಿಗೆಮನೆಗೆ ಬಲು ದೂರದಲ್ಲಿ, ಮೂರು ಕಲ್ಲಿನ ಒಲೆಯೊಂದು ಉರಿಯುತ್ತಿತ್ತು. ಅದರ ಸುತ್ತ ಏಳೆಂಟು ಮಂದಿ. ಅವರಲ್ಲಿ ಎಪ್ಪತ್ತೈದು ದಾಟಿದ ಅಜ್ಜ ಒಬ್ಬರು, ಸುಬೇದಾರರ ದೊಡ್ಡಪ್ಪನ ಮಗ, ಆ ಮನೆತನದ ಪಟ್ಟೆದಾರರು. ಉಳಿದವರು ಅಕ್ಕಪಕ್ಕದ ಮನೆಗಳವರು. ಒಬ್ಬರು ಅರೆಭಾಷೆಯ ಗೌಡರು, ಇನ್ನೊಬ್ಬರು ಹೆಗ್ಗಡೆಯವರು. ಸುಬೇದಾರರು ತಮ್ಮ ಚೀಲವನ್ನು ತಂದು ಅಜ್ಜನ ಮುಂದೆ ಸುರಿದರು. ನೋಡುತ್ತೇನೆ, ಕನ್ನಡದ ಅಚ್ಚುಮೊಳೆಗಳು! ದಂಡುಪ್ರದೇಶದಲ್ಲಿ ಬಾಗಿಲು ಮುಚ್ಚಿದ ಹಳೆಯ ಮುದ್ರಣಾಲಯವೊಂದರಿಂದ ತೂಕದ ಲೆಕ್ಕದಲ್ಲಿ ಕೊಂಡು ತಂದವು. ಸವೆದ ಒತ್ತಕ್ಷರಗಳು, ಮೂಗು ಮುರಿದ ಮಹಾಪ್ರಾಣಗಳು, ಮಸಿ ಹಿಡಿದ ಪೂರ್ಣವಿರಾಮಗಳು. ಒಂದು ಕಾಲಕ್ಕೆ ಯಾರದೋ ಮದುವೆಯ ಕರೆಯೋಲೆಯನ್ನೂ ಯಾವುದೋ ಶಾಲೆಯ ಪ್ರಶ್ನೆಪತ್ರಿಕೆಯನ್ನೂ ಅಚ್ಚಿಸಿದ್ದ ಆ ಮೊಳೆಗಳು ಈಗ ಗುಂಡಾಗಲಿದ್ದವು.

ನನ್ನ ಮುಖದ ಮೇಲೆ ಏನು ಮೂಡಿತೋ, ಅಜ್ಜ ಒಂದು ಮೊಳೆಯನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟರು. ನೋಡಿದರೆ 'ಳ'. "ಇದು ಇಲ್ಲದಿದ್ದರೆ ನಮ್ಮ ಪೊಳ್ದೇ ಇಲ್ಲ. ಇಟ್ಟುಕೊಳ್ಳಿ" ಎಂದರು.

ಗುಂಡು ಎರೆಯುವುದನ್ನು ನಾನು ಅದೇ ಮೊದಲು ನೋಡಿದ್ದು. ಸೀಸ ಬಲು ಬೇಗ ಕರಗುವ ಲೋಹ. 327 ಡಿಗ್ರಿ ಸೆಂಟಿಗ್ರೇಡಿಗೆಲ್ಲ ನೀರಾಗುತ್ತದೆ. ಅಚ್ಚುಮೊಳೆಯಲ್ಲಿರುವುದು ಬರಿಯ ಸೀಸವಲ್ಲ, ಆಂಟಿಮನಿ ಮತ್ತು ತವರ ಬೆರೆತದ್ದು, ಆದ್ದರಿಂದ ಗಟ್ಟಿ. ಅಕ್ಷರದ ಅಂಚು ಚೂಪಾಗಿ ನಿಲ್ಲಲೆಂದು ಮುದ್ರಣದವರು ಮಾಡಿದ ಮಿಶ್ರಣವದು. ಹಳೆಯ ಕೇಪಿನ ಕೋವಿಗೆ ಅಷ್ಟು ಗಡಸು ಬೇಡವೆಂದು ಅಜ್ಜ ಅದಕ್ಕೆ ಮೆದು ಸೀಸವನ್ನು ಬೆರೆಸಿದರು. ಕಬ್ಬಿಣದ ಬಾಣಲೆಯಲ್ಲಿ ಅಕ್ಷರಗಳು ಮೊದಲು ಅಲುಗಿದವು, ಆಮೇಲೆ ಓರೆಯಾದವು, ನೋಡುನೋಡುತ್ತಿದ್ದಂತೆ ಕನ್ನಡಿಯಂತೆ ಹೊಳೆಯುವ ರಸದಲ್ಲಿ ಮುಳುಗಿಹೋದವು. ಮೇಲೆ ತೇಲಿದ ಕಿಟ್ಟವನ್ನು ಅಜ್ಜ ಕರಟದ ಸೌಟಿನಿಂದ ತೆಗೆದು ಹೊರಗೆ ಹಾಕಿದರು. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ಕುಳಿತುಕೊಳ್ಳಬೇಕು, ಸೀಸದ ಹೊಗೆ ವಿಷ. ಒಂದು ಹನಿ ನೀರು ಬಿದ್ದರೂ ರಸ ಸಿಡಿದು ಮುಖಕ್ಕೆ ಹಾರುತ್ತದೆ. ಅದಕ್ಕಾಗಿ ಮಳೆಯ ಮೋಡ ಕಂಡರೆ ಒಲೆ ಹಚ್ಚುವುದೇ ಇಲ್ಲ. ಮಕ್ಕಳನ್ನು ಜಗಲಿಯ ಮೇಲಿನಿಂದ ಕೆಳಗಿಳಿಯಗೊಡುತ್ತಿರಲಿಲ್ಲ.

ಅಚ್ಚು ನಮ್ಮ ಮನೆಗಳ ಅಡಕತ್ತರಿಯಂತೆ ಎರಡು ತೋಳಿನದು. ಮುಚ್ಚಿದಾಗ ನಡುವೆ ನೆಲ್ಲಿಕಾಯಿಯ ಕಿರಿಯ ತಂಗಿಯಷ್ಟು ಟೊಳ್ಳು. ಅದರ ಬಾಯಿಗೆ ರಸ ಹೊಯ್ದು, ಹತ್ತು ಎಣಿಸಿ, ತೋಳು ಬಿಚ್ಚಿ ತಟ್ಟಿದರೆ ಹಲಗೆಯ ಮೇಲೆ ಟಪ್ಪೆಂದು ಗುಂಡು ಬೀಳುತ್ತದೆ. ಕೇಳಲು ಸುಲಭ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಮುದುಕಿಯ ಕೆನ್ನೆಯಂತೆ ಸುಕ್ಕುಗಟ್ಟುತ್ತದೆ. ಕಾದದ್ದು ಹೆಚ್ಚಾದರೆ ಹಿಮ ಬಿದ್ದಂತೆ ಮಸುಕಾಗುತ್ತದೆ. ಎರಡರ ನಡುವಿನ ಹದ ಕೈಗೆ ತಿಳಿಯಬೇಕು, ಬಾಯಿಂದ ಹೇಳಿಕೊಡಲು ಬಾರದು. ಅಜ್ಜ ಎರೆದ ಮೊದಲ ಹನ್ನೆರಡರಲ್ಲಿ ಐದನ್ನು ತಾವೇ ತಿರಸ್ಕರಿಸಿ ಮತ್ತೆ ಬಾಣಲೆಗೆ ಹಾಕಿದರು. ಗೌಡರು ಎರೆದದ್ದರಲ್ಲಿ ಎಂಟು ಹಾಳಾದವು. ಅದನ್ನು ಹಿಡಿದು ಉಳಿದವರು ಅವರನ್ನು ಕಾಡಿದ ರೀತಿಯನ್ನು ಹೇಳತೀರದು. "ಗೌಡ್ರೇ, ಇದು ಗುಂಡೋ ಒಣದ್ರಾಕ್ಷಿಯೋ?" ಎಂದೊಬ್ಬರು. "ಇರಲಿ ಬಿಡಿ, ಪಾಯಸಕ್ಕಾಗುತ್ತದೆ" ಎಂದಿನ್ನೊಬ್ಬರು. ಗೌಡರೂ ಕಡಿಮೆಯವರಲ್ಲ. ಹಿಂದೊಂದು ವರ್ಷ ಹೆಗ್ಗಡೆಯವರು ತೆಂಗಿನಕಾಯಿಗೆ ಗುರಿಯಿಟ್ಟು ಮರದ ಮೇಲಿದ್ದ ಜೇನುಹುಟ್ಟಿಗೆ ಹೊಡೆದು ಮಂದಿಗೆ ಮಂದೇ ಓಡಿದ ಕಥೆಯನ್ನು ಅವರು ಎತ್ತಿದರು. ಕಥೆ ಎಷ್ಟು ಸಲ ಹೇಳಿದ್ದೋ, ನಡುವೆ ಎಲ್ಲಿ ನಗಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ನಿಜ ಹೇಳಬೇಕೆಂದರೆ ಈಗ ಗುಂಡು ಎರೆಯುವುದು ಯಾರಿಗೂ ಅಗತ್ಯವಲ್ಲ. ಬಹುತೇಕ ಮನೆಗಳಲ್ಲಿರುವುದು ತೋಟಾ ಕೋವಿ. ತೋಟಾಗಳು ಅಂಗಡಿಯಿಂದ ಬರುತ್ತವೆ. ಆ ಊರಿನಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬಿ ಗಜದಿಂದ ಮಟ್ಟುವ ಕೇಪಿನ ಕೋವಿ ಉಳಿದಿದ್ದುದು ಎರಡು ಮನೆಗಳಲ್ಲಿ ಮಾತ್ರ. ಅವುಗಳಿಗೆ ಬೇಕಾದ ಗುಂಡು ಬೆರಳೆಣಿಕೆಯಷ್ಟು. ಆ ಕೆಲವು ಗುಂಡುಗಳಿಗಾಗಿ ಎಂಟು ಮನೆಗಳವರು ಒಲೆಯ ಸುತ್ತ ಕೂರುತ್ತಾರೆ. ನನಗೆ ಕಂಡಂತೆ ಎರಕ ನೆಪ, ಕೂರುವುದೇ ಕೆಲಸ.

ಇಂಥ ಮರುಳು ಕೊಡಗಿಗೆ ಮಾತ್ರ ಸೀಮಿತವೆಂದು ಭಾವಿಸಬೇಕಾಗಿಲ್ಲ. ಸೀಸದ ಗುಂಡನ್ನು ತಾವೇ ಎರೆದುಕೊಂಡು ವರ್ಷಕ್ಕೊಮ್ಮೆ ಗುರಿಯ ಪಂದ್ಯಕ್ಕೆ ಸೇರುವ ಹವ್ಯಾಸಿಗಳ ಸಂಘ ಅಮೆರಿಕದಲ್ಲಿದೆ. ಅವರಿಗೂ ಹಳೆಯ ಅಚ್ಚುಮೊಳೆಯ ಲೋಹವೆಂದರೆ ಪ್ರಾಣ. ಸ್ವಿಟ್ಜರ್ಲೆಂಡಿನಲ್ಲಂತೂ ವರ್ಷಕ್ಕೊಮ್ಮೆ ಊರೂರಿನಲ್ಲಿ ನಡೆಯುವ ಗುರಿಹಬ್ಬಕ್ಕೆ ಸಾವಿರಾರು ಮಂದಿ ನೆರೆಯುತ್ತಾರೆ. ಅಲ್ಲಿಯೂ ಬೆಟ್ಟದ ನಾಡು, ಅಲ್ಲಿಯೂ ರೈತನೇ ಸಿಪಾಯಿ. ಆದರೆ ಆಯುಧಕ್ಕೆ ಹೂ ಮುಡಿಸಿ ಅದರ ಮುಂದೆ ದೀಪ ಹಚ್ಚುವುದನ್ನು ಕಾಣಬೇಕಾದರೆ ಕೊಡಗಿಗೇ ಬರಬೇಕು.

ಮರುದಿನ ಬೆಳಿಗ್ಗೆ ಅದನ್ನು ಕಂಡೆ. ಮನೆಯ ನಡುಕೋಣೆಯಲ್ಲಿ, ಅವರು ನೆಲ್ಲಕ್ಕಿ ನಡುಬಾಡೆ ಎನ್ನುವಲ್ಲಿ, ತೂಗುದೀಪದ ಬೆಳಕಿನಲ್ಲಿ ಕೋವಿಗಳನ್ನೂ ಒಡಿಕತ್ತಿ, ಪೀಚೆಕತ್ತಿಗಳನ್ನೂ ಸಾಲಾಗಿ ಇರಿಸಿದ್ದರು. ಗಂಧದ ಬೊಟ್ಟು, ಅಕ್ಕಿ, ಹೂ. ಪ್ರತಿಯೊಂದು ನಳಿಗೆಯ ಬಾಯಿಗೂ ಒಂದೊಂದು ಕೆಂಪು ಹಳದಿಯ ಹೂ ಸಿಕ್ಕಿಸಿತ್ತು. ಬೆಂಕಿಯ ನಾಲಗೆಯಂತೆ ಮೇಲಕ್ಕೆ ಮಡಿಸಿಕೊಂಡ ಎಸಳುಗಳ ಆ ಹೂವಿಗೆ ನಾವು ಅಗ್ನಿಶಿಖೆ ಎನ್ನುತ್ತೇವೆ. ಅವರು ತೋಕ್ ಪೂ, ಎಂದರೆ ಕೋವಿಯ ಹೂ ಎನ್ನುತ್ತಾರೆ. ಈ ಹಬ್ಬದ ಹೊತ್ತಿಗೆ ಬೇಲಿಬೇಲಿಯಲ್ಲಿ ಅದು ಅರಳಿರುತ್ತದೆ. ಅಷ್ಟು ಚೆಲುವಾದ ಬಳ್ಳಿಯ ಗಡ್ಡೆ ಮಾತ್ರ ಕಡುವಿಷ. ಕೋವಿಗೆ ತಕ್ಕ ಹೂವನ್ನೇ ಆರಿಸಿದ್ದಾರೆ.

ಇಲ್ಲಿ ಪದಗಳ ಕುರಿತು ಒಂದೆರಡು ಮಾತು ಹೇಳಿದರೆ, ಕನ್ನಡದ ಅಧ್ಯಾಪಕನ ಚಟವೆಂದು ಓದುಗರು ಕ್ಷಮಿಸಬೇಕು. ಕೊಡವರ ತೋಕ್ ಮಲಯಾಳದ ತೋಕ್ಕಿಗೆ ಬಂಧು. ನಮ್ಮ ಕೋವಿ ಕೊಳವೆಯ ನೆನಪನ್ನು ತರುವ ಮಾತು. ಬಂದೂಕು ಅರಬರ ಬುಂದುಕ್. ಆ ಅರಬ್ಬೀ ಪದದ ಮೂಲಾರ್ಥ ಒಂದು ಬಗೆಯ ಗುಂಡಗಿನ ಕಾಯಿ. ಕಾಯಿಯಿಂದ ಗುಂಡಿಗೂ ಗುಂಡಿನಿಂದ ಅದನ್ನು ಹಾರಿಸುವ ಸಾಧನಕ್ಕೂ ಹೆಸರು ಹಬ್ಬಿತು. ಕಾಯಿಯ ಹೆಸರಿನ ಸಾಧನದಿಂದ ಕಾಯಿಗೇ ಗುರಿಯಿಡುವುದೂ ಒಂದು ಚೋದ್ಯವೇ. ಇನ್ನು ನರಿ ಎಂದರೆ ನಮಗೆ ಗುಳ್ಳೆನರಿ, ಕೊಡವರಿಗೆ ಹುಲಿ. ಹುಲಿಯನ್ನು ಕೊಂದವನಿಗೆ ಹಿಂದೆ ಅದರ ಪಕ್ಕದಲ್ಲಿ ಮದುವಣಿಗನಂತೆ ಕೂರಿಸಿ ನಡೆಸುತ್ತಿದ್ದ ಸನ್ಮಾನಕ್ಕೆ ನರಿಮಂಗಲವೆಂದು ಹೆಸರು. ಮೈಸೂರಿನ ಕಡೆಯವನೊಬ್ಬ ಇದನ್ನು ಕೇಳಿ, ನರಿ ಕೊಂದದ್ದಕ್ಕೆ ಇಷ್ಟು ಆಡಂಬರವೇ ಎಂದುಕೊಂಡರೆ ತಪ್ಪು ಅವನದಲ್ಲ. ಕೊಡವರ ಹಾಡು, ಹಬ್ಬ, ಕಟ್ಟುಕಟ್ಟಳೆಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಅಲೆದು ಕೂಡಿಸಿ ಕನ್ನಡ ಲಿಪಿಯಲ್ಲಿ 'ಪಟ್ಟೋಲೆ ಪಳಮೆ' ಎಂದು 1924ರಲ್ಲಿ ಅಚ್ಚು ಹಾಕಿಸಿದರು. ಅವರ ಈ ಉಪಕಾರವನ್ನು ಕನ್ನಡಿಗರು ಇನ್ನೂ ಸರಿಯಾಗಿ ನೆನೆದಿಲ್ಲವೆಂದೇ ನನ್ನ ಅಭಿಪ್ರಾಯ.

ಪೂಜೆಯಾದ ಮೇಲೆ ಅಜ್ಜ ಒಂದೊಂದೇ ಕೋವಿಯನ್ನು ಎತ್ತಿ ಕಿರಿಯರ ಕೈಗಿತ್ತರು. ತೆಗೆದುಕೊಳ್ಳುವವರು ಬಾಗಿ ಕಾಲು ಮುಟ್ಟಿ ಎರಡೂ ಕೈಯೊಡ್ಡುತ್ತಿದ್ದರು. ಕೊಡುವಾಗ ಅಜ್ಜ ತಗ್ಗಿದ ದನಿಯಲ್ಲಿ ಹೇಳಿದ ಕೊಡವ ಮಾತಿನ ತಾತ್ಪರ್ಯವನ್ನು ಸುಬೇದಾರರು ನನ್ನ ಕಿವಿಯಲ್ಲಿ ಉಸುರಿದರು: ಹಗೆಯನ್ನು ನೀನಾಗಿ ಕೆಣಕಬೇಡ, ಗೆಳೆಯನ ಕಷ್ಟಕ್ಕೆ ಬೆನ್ನು ತೋರಿಸಬೇಡ, ಮನೆಯ ಹೆಸರು ಕೆಡಿಸಬೇಡ. ಎಲ್ಲರಿಗೂ ಅದೇ ಮಾತು. ಬೆಂಗಳೂರಿನ ಕಚೇರಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹುಡುಗನಿಗೂ ಅದೇ, ಕಾಲೇಜು ಮೆಟ್ಟಿಲು ಹತ್ತಿದ ಮೊಮ್ಮಗಳಿಗೂ ಅದೇ. ಆ ಹುಡುಗಿ ಕೋವಿಯನ್ನು ತೆಗೆದುಕೊಂಡ ಮೇಲೆ ಮೊದಲು ಮಾಡಿದ ಕೆಲಸವೆಂದರೆ ನಳಿಗೆಯನ್ನು ಮುರಿದು, ಒಳಗೆ ತೋಟಾ ಇಲ್ಲವೆಂಬುದನ್ನು ಕಣ್ಣಾರೆ ನೋಡಿದ್ದು. ಅಜ್ಜ ತಲೆದೂಗಿದರು.

ಊಟ ಕಡಂಬುಟ್ಟು ಮತ್ತು ಹಂದಿಯ ಮಾಂಸ. ಕಾಚಂಪುಳಿಯ ಹುಳಿಯಿಲ್ಲದೆ ಅದಕ್ಕೆ ಕಳೆಯಿಲ್ಲವೆಂದು ಬಲ್ಲವರು ಹೇಳಿದರು. ಮಾಂಸ ರೂಢಿಯಿಲ್ಲದ ನನಗೆ ಕುಂಬಳಕಾಯಿಯ ಪಲ್ಯ ಬಂತು. ಅಕ್ಕಿತರಿಯ ಆ ಬಿಸಿ ಉಂಡೆಗಳಿಗೆ ತುಪ್ಪ ಸೋಕಿಸಿಕೊಂಡು ಎಷ್ಟು ತಿಂದೆನೆಂಬ ಲೆಕ್ಕ ಇಲ್ಲಿ ಬೇಡ.

ಮಧ್ಯಾಹ್ನದ ಮೇಲೆ ಮಂದಿಗೆ ಹೊರಡುವ ಮೊದಲು ಜಗಲಿಯಲ್ಲಿ ಕುಳಿತು ಅಜ್ಜ ತಮ್ಮ ಕೋವಿಯ ಕಾಗದವನ್ನು ನನಗೆ ತೋರಿಸಿದರು. ಅದು ಲೈಸೆನ್ಸ್ ಅಲ್ಲ. ಲೈಸೆನ್ಸ್ ಬೇಕಿಲ್ಲವೆಂದು ಮಡಿಕೇರಿಯಿಂದ ಬಂದ ವಿನಾಯಿತಿಪತ್ರ. ಉಳಿದ ಭಾರತದಲ್ಲಿ ಸಾಮಾನ್ಯರಿಗೆ ಇಲ್ಲದ ಈ ಸವಲತ್ತಿನ ಹಿಂದೆ ದೀರ್ಘ ಕಥೆಯಿದೆ. ಅರಸರ ಕಾಲದಲ್ಲಿ ಕೊಡಗಿನ ರೈತನಿಗೆ ಜಮ್ಮಾ ಭೂಮಿ ವಂಶಪಾರಂಪರ್ಯವಾಗಿ ಕಡಿಮೆ ಕಂದಾಯಕ್ಕೆ ಸಿಗುತ್ತಿತ್ತು. ಪ್ರತಿಯಾಗಿ ಕರೆ ಬಂದಾಗ ಅವನು ಕೋವಿ ಹಿಡಿದು ಬರಬೇಕು. 1857ರ ದಂಗೆಯ ತರುವಾಯ ಇಂಗ್ಲಿಷರು ದೇಶದ ಜನರ ಕೈಯಿಂದ ಆಯುಧಗಳನ್ನು ಕಸಿದುಕೊಂಡಾಗ, 1861ರಲ್ಲಿ, ಕೊಡಗರನ್ನು ಆ ಕಾಯಿದೆಯಿಂದ ಹೊರಗಿಟ್ಟವರು ಮೈಸೂರು ಮತ್ತು ಕೊಡಗುಗಳ ಕಮಿಷನರ್ ಮಾರ್ಕ್ ಕಬ್ಬನ್. ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯಿದೆಯ ಅಡಿಯಲ್ಲಿ 1963ರಲ್ಲಿ ಹೊರಟ ಪ್ರಕಟಣೆಯೂ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಅದೇ ವಿನಾಯಿತಿಯನ್ನು ಮುಂದುವರಿಸಿತು. ಜಮ್ಮಾ ಹಿಡುವಳಿದಾರರೆಂದಾಗ ಅದರಲ್ಲಿ ಬೇರೆ ಸಮುದಾಯಗಳವರೂ ಸೇರುತ್ತಾರೆ. ಗೌಡರೂ ಹೆಗ್ಗಡೆಯವರೂ ಆ ಒಲೆಯ ಸುತ್ತ ಕುಳಿತದ್ದಕ್ಕೆ ಕಾನೂನಿನ ಆಧಾರವೂ ಇತ್ತೆಂದಾಯಿತು. ಕೊಡಗಿನ ಹೊರಗೆ ಕೋವಿ ಒಯ್ಯುವವನಿಗೆ ಎಷ್ಟು ತೋಟಾ ಇರಬಹುದೆಂದು ನಿಗದಿ ಮಾಡುವಾಗ ನಿಯಮದವರು ಐನೂರು ತೋಟಾ, ಇಲ್ಲವೆ ಅದಕ್ಕೆ ಸಮನಾದ ಸೀಸ ಮತ್ತು ಮದ್ದು ಎಂದು ಬರೆದಿದ್ದರು. ಅಜ್ಜನ ಬಾಣಲೆಯ ಸೀಸಕ್ಕೂ ರಾಜಪತ್ರದಲ್ಲೊಂದು ಜಾಗ!

2019ರಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು ಮತ್ತೆ ಹತ್ತು ವರ್ಷ, 2029ರವರೆಗೆ ವಿಸ್ತರಿಸಿತು. ಹುಟ್ಟಿನ ಆಧಾರದ ಮೇಲೆ ಹೀಗೆ ಸವಲತ್ತು ಕೊಡುವುದು ಸರಿಯೇ ಎಂಬ ಪ್ರಶ್ನೆ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಬಂತು. ಪ್ರಶ್ನೆ ಕ್ಷುಲ್ಲಕವಾದದ್ದಲ್ಲ. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಅದು ಅವಧಿಗೂ ಷರತ್ತುಗಳಿಗೂ ಒಳಪಟ್ಟದ್ದೆಂಬುದನ್ನು ಗಮನಕ್ಕೆ ತಂದಿತು. ಬಹುಕಾಲ ಆ ನ್ಯಾಯಾಲಯದ ಎದುರಿನಲ್ಲಿ ಕುದುರೆಯೇರಿ ನಿಂತಿದ್ದವನು ಕಬ್ಬನ್ನನೇ. ತೀರ್ಪಿಗೆ ಒಂದು ವರ್ಷ ಮೊದಲು, 2020ರಲ್ಲಿ, ಅವನ ಪ್ರತಿಮೆಯನ್ನು ಉದ್ಯಾನದ ಒಳಕ್ಕೆ ಸಾಗಿಸಿದ್ದರು. ಇಲ್ಲದಿದ್ದರೆ ತನ್ನ ಆಜ್ಞೆಯ ಮೊಮ್ಮಗುವಿಗೆ ದೊರೆತ ತೀರ್ಪನ್ನು ಬಾಗಿಲಲ್ಲೇ ನಿಂತು ಕೇಳಬಹುದಿತ್ತು.

"2029" ಎಂದು ಅಜ್ಜ ಕಾಗದವನ್ನು ಮಡಿಸುತ್ತ ಹೇಳಿದರು, "ಅಷ್ಟರವರೆಗೆ ನಾನಿರುವುದು ಬಿಡುವುದು ಬೇರೆ. ಯಾವನೋ ಒಬ್ಬ ಕುಡಿದು ಒಂದು ಈಡು ಹಾರಿಸಿದರೆ ಸಾಕು, ಮೇಷ್ಟ್ರೇ. ಹೋಗುವುದು ಅವನ ಮನೆಯ ಕೋವಿ ಮಾತ್ರವಲ್ಲ."

ಮಂದಿನಲ್ಲಿ ನಾಲ್ಕೈದು ಊರುಗಳ ಜನ ನೆರೆದಿತ್ತು. ಗಂಡಸರಲ್ಲಿ ಹಿರಿಯರು ಕಪ್ಪು ಕುಪ್ಯ ತೊಟ್ಟು ಕೆಂಪು ಚೇಲೆ ಬಿಗಿದಿದ್ದರು. ಬಯಲಿನ ಅಂಚಿನ ಎತ್ತರದ ಮರವೊಂದರ ತುದಿಯ ಕೊಂಬೆಗೆ ತೆಂಗಿನಕಾಯಿಗಳನ್ನು ಕಟ್ಟಿದ್ದರು; ಹಿಂದೆ ಜನ ಸುಳಿಯದ ಗುಡ್ಡ. ಕೆಳಗೆ ಸುಣ್ಣದ ಗೆರೆ. ಗೆರೆಯ ಬಳಿಗೆ ಒಮ್ಮೆಗೆ ಒಬ್ಬರು. ಗೆರೆಗೆ ಬರುವ ತನಕ ನಳಿಗೆ ಮುರಿದೇ ಇರಬೇಕು. ಹೊಡೆದವರು ಕೋವಿಯನ್ನು ಬರಿದುಮಾಡಿ ತೋರಿಸಿ ಹಿಂದೆ ಸರಿಯಬೇಕು. ಇದನ್ನು ಯಾರೂ ಕೂಗಿ ಹೇಳಲಿಲ್ಲ, ಯಾವ ಹಲಗೆಯಲ್ಲೂ ಬರೆದಿರಲಿಲ್ಲ.

ಕಾಡಿನಲ್ಲಿ ಬೇಟೆ ನಿಂತದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ. ನಿಂತದ್ದೇ ಒಳ್ಳೆಯದಾಯಿತೆಂದು ನನ್ನ ಎಣಿಕೆ. ಅಲ್ಲಿನ ಹಲವರೂ ಹಾಗೆಂದೇ ಹೇಳಿದರು, ಕೆಲವರು ನಿಟ್ಟುಸಿರಿಟ್ಟರು. ಈಗ ಕೋವಿಗೆ ಉಳಿದಿರುವ ಕೆಲಸವೆಂದರೆ ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು, ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಒಂದು, ಮತ್ತು ಈ ತೆಂಗಿನಕಾಯಿ.

ಆ ತೆಂಗಿನಕಾಯಿಯ ಸುತ್ತ ಎಂಥ ಗಲಭೆ! ಹೊಡೆಯುವವನಿಗಿಂತ ಹೊಡೆಸುವವರೇ ಹೆಚ್ಚು. ಗೆರೆಯಲ್ಲಿ ಒಬ್ಬ ನಿಂತರೆ ಹಿಂದೆ ಹತ್ತು ಮಂದಿ ಉಪಾಧ್ಯಾಯರು. ಆದರೆ ಕೋವಿ ಹೆಗಲಿಗೆ ಏರಿದ ಕ್ಷಣದಲ್ಲಿ ಎಲ್ಲ ದನಿಯೂ ಅಡಗುತ್ತದೆ. ಕಾಫಿತೋಟದ ಜೀರುಂಡೆಯ ಸದ್ದು ಕೇಳುವಷ್ಟು ಮೌನ. ಈಡು ಸಿಡಿದೊಡನೆ ಮತ್ತೆ ಕೋಲಾಹಲ. ಬಿದ್ದರೆ ಜಯಕಾರ, ಬೀಳದಿದ್ದರೆ ಇನ್ನೂ ದೊಡ್ಡ ಜಯಕಾರ. ಕೋವಿಯಿಲ್ಲದೆ ಬಂದವನಿಗೆ ಪಕ್ಕದ ಮನೆಯವನು ತನ್ನದನ್ನು ಕೊಡುತ್ತಾನೆ. ಗುರಿ ತಪ್ಪಿದರೆ ಕೊಟ್ಟವನೇ "ಕೋವಿ ತುಸು ಎಡಕ್ಕೆ ಎಳೆಯುತ್ತದೆ ಬಾವ" ಎಂದು ತಪ್ಪನ್ನು ಕೋವಿಯ ತಲೆಗೆ ಕಟ್ಟುತ್ತಾನೆ. ಸುಬೇದಾರರು ಎರಡನೆಯ ಈಡಿಗೆ ಕಾಯಿ ಉರುಳಿಸಿದರು. ಕೋವಿ ಮುರಿದು ನೋಡಿ ಸ್ವೀಕರಿಸಿದ್ದ ಆ ಮೊಮ್ಮಗಳು ಮೊದಲನೆಯದಕ್ಕೇ ಉರುಳಿಸಿದಳು. ಸುಬೇದಾರರ ಮುಖ ನೋಡಬೇಕಿತ್ತು. ಹೆಮ್ಮೆ ಎಷ್ಟು, ಹೊಟ್ಟೆಯುರಿ ಎಷ್ಟು ಎಂದು ಅಳೆಯಲಾಗದು.

ನಾಲ್ಕು ಗಂಟೆಯ ಹೊತ್ತಿಗೆ ಒಂದು ಘಟನೆ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಆ ಕಂಪ್ಯೂಟರಿನ ಹುಡುಗ ಗೆರೆಯಲ್ಲಿ ನಿಂತು, ನಳಿಗೆಗೆ ತೋಟಾ ತುಂಬಿದ ಮೇಲೆ, ಯಾರೋ ಗೆಳೆಯ ಕರೆದನೆಂದು ನಗುತ್ತ ಹಿಂದಿರುಗಿದ. ಅವನೊಡನೆ ಕೋವಿಯ ಬಾಯಿಯೂ ತಿರುಗಿತು. ಒಂದು ಗಳಿಗೆ ಮಾತ್ರ. ಯಾರೂ ಕಿರುಚಲಿಲ್ಲ. ಅಜ್ಜ ಎರಡೇ ಹೆಜ್ಜೆಯಲ್ಲಿ ಅವನ ಬಳಿ ಇದ್ದರು. ಆ ವಯಸ್ಸಿನಲ್ಲಿ ಅಂಥ ಹೆಜ್ಜೆಯನ್ನು ನಾನು ನಿರೀಕ್ಷಿಸಿರಲಿಲ್ಲ. ನಳಿಗೆಯನ್ನು ಮೇಲಕ್ಕೆ ಎತ್ತಿ ಹಿಡಿದು, ತೋಟಾ ತೆಗೆದು ಜೇಬಿಗೆ ಹಾಕಿಕೊಂಡು, ಕೋವಿಯನ್ನು ತಮ್ಮ ಹೆಗಲಿಗೆ ಏರಿಸಿದರು. ಹುಡುಗನಿಗೆ ಏನೋ ಎರಡು ಮಾತು ಹೇಳಿದರು, ನಮಗೆ ಕೇಳಿಸಲಿಲ್ಲ. ಹುಡುಗ ತಲೆ ತಗ್ಗಿಸಿ ಮರದ ಬುಡದ ಕಡೆಗೆ ನಡೆದ.

ಆ ದಿನವೆಲ್ಲ ಅವನಿಗೆ ಕೋವಿ ಇಲ್ಲ. ಕೊಂಬೆಗೆ ಕಾಯಿ ಕಟ್ಟುವುದು, ಈಡುಗಳ ನಡುವೆ ಬಿಡುವಾದಾಗ ಒಡೆದ ಚೂರುಗಳನ್ನು ಆರಿಸುವುದು ಅವನ ಪಾಲಿಗೆ ಬಂದ ಕೆಲಸ. ನಾನು ಗಮನಿಸಿದ್ದೆಂದರೆ, ಅಷ್ಟು ಹೊತ್ತು ಪರಸ್ಪರ ಕಾಡಿ, ಒಬ್ಬರ ಹಳೆಯ ಸೋಲನ್ನು ಇನ್ನೊಬ್ಬರು ಕೆದಕಿ ನಗುತ್ತಿದ್ದ ಆ ಜನ ಈ ಒಂದು ವಿಷಯದಲ್ಲಿ ಮಾತ್ರ ಹುಡುಗನನ್ನು ಕಾಡಲಿಲ್ಲ. ನಗೆಯಿಲ್ಲ, ಕೊಂಕಿಲ್ಲ. ಹೆಗ್ಗಡೆಯವರ ಜೇನುಹುಟ್ಟು ನೂರು ಸಲ ಹೇಳಬಹುದಾದ ಕಥೆ. ಇದು ಹೇಳಬಾರದ ಕಥೆ. ಅವನ ತಂದೆಯೂ ಅಜ್ಜನ ಬಳಿ ಬಂದು ಎದುರಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೌಡರು ತಾವಾಗಿ ಮರದ ಬುಡಕ್ಕೆ ಹೋಗಿ, "ಬಾ ಮಗ, ಒಂದು ಕೈ ಹಿಡಿ" ಎಂದು ಹುಡುಗನೊಡನೆ ಕಾಯಿ ಕಟ್ಟುತ್ತ ನಿಂತರು. ಅವರಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ರಾತ್ರಿ ಊಟದ ಪಂಕ್ತಿಯಲ್ಲಿ ಅಜ್ಜ ಅವನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡದ್ದನ್ನೂ ನೋಡಿದೆ.

ಲಿಂಗರಾಜಪುರದಂಥ ಊರಿನಲ್ಲಿ, ಪಕ್ಕದ ಮನೆಯ ಹುಡುಗ ಬೈಕನ್ನು ಎಷ್ಟು ವೇಗವಾಗಿ ಓಡಿಸಿದರೂ ಕರೆದು ಹೇಳುವ ಹಕ್ಕು ನಮಗಿಲ್ಲ, ಹೇಳಿದರೆ ಜಗಳ. ಇಲ್ಲಿ ಆ ಹಕ್ಕು ಎಲ್ಲ ಹಿರಿಯರಿಗೂ ಇತ್ತು, ಮತ್ತು ಅದನ್ನು ಪಡೆದದ್ದು ಹಿಂದಿನ ಸಂಜೆ ಒಲೆಯ ಸುತ್ತ ಕುಳಿತಾಗಲೇ ಎಂದು ನನಗೆ ತೋರಿತು.

ಹೊತ್ತು ಇಳಿಯುತ್ತ ಬಂತು. ಕೊನೆಯದಾಗಿ ಕೇಪಿನ ಕೋವಿಗಳ ಸರದಿ. ಮದ್ದು ಸುರಿದು, ಚಿಂದಿಯಲ್ಲಿ ಸುತ್ತಿದ ಗುಂಡನ್ನು ಇಳಿಸಿ, ಗಜದಿಂದ ಮಟ್ಟಿ ಸಿದ್ಧಗೊಳಿಸುವಷ್ಟರಲ್ಲಿ ತೋಟಾ ಕೋವಿಯವನು ಹತ್ತು ಈಡು ಹೊಡೆದಿರುತ್ತಾನೆ. ನಳಿಗೆಯ ಒಳಗೆ ಸುರುಳಿಗೆರೆ ಇಲ್ಲದ್ದರಿಂದ ಗುಂಡು ತಿರುಗುತ್ತ ಹೋಗುವುದಿಲ್ಲ, ದೂರ ಹೆಚ್ಚಿದಂತೆ ದಾರಿ ತಪ್ಪುತ್ತದೆ. ಇದೆಲ್ಲ ಗೊತ್ತಿದ್ದೂ ಇಡೀ ಮಂದ್ ಅದಕ್ಕಾಗಿಯೇ ಕಾದಿತ್ತು. ಅಜ್ಜ ಗೆರೆಗೆ ಬಂದರು. ಕೋವಿ ಅವರ ಅಜ್ಜನದು. ಗುಂಡು ಹಿಂದಿನ ದಿನ ನನ್ನ ಕಣ್ಣೆದುರೇ ಅಕ್ಷರವಾಗಿದ್ದದ್ದು. ಕೈ ಸ್ವಲ್ಪ ನಡುಗುತ್ತಿತ್ತು. ಹೆಗಲಿಗೇರಿಸಿದ ಮೇಲೆ ನಡುಗಲಿಲ್ಲ.

ಢಮ್ಮೆಂದಿತು. ಬಿಳಿಯ ಹೊಗೆ ಮುಗಿಲಾಗಿ ಎದ್ದು ಅಜ್ಜನನ್ನೂ ಮರವನ್ನೂ ಮುಚ್ಚಿತು. ಹೊಗೆ ಸರಿದಾಗ ಕಾಯಿ ಇದ್ದಲ್ಲೇ ಇತ್ತು.

"ಅಲ್ಲಾಡಿತು!" ಎಂದರು ಗೌಡರು. "ಅಲ್ಲಾಡಿದ್ದನ್ನು ನಾನೂ ನೋಡಿದೆ" ಎಂದರು ಹೆಗ್ಗಡೆಯವರು. "ನೀರು ಸೋರುತ್ತಿದೆ, ನೋಡಿ ನೋಡಿ" ಎಂದು ಸುಬೇದಾರರು ಆಣೆಯಿಟ್ಟು ಹೇಳಿದರು. ಅಜ್ಜ ಮೂವರನ್ನೂ ಒಮ್ಮೆ ನೋಡಿ, ಕೋವಿಯ ಬಾಯಿ ಊದಿ, "ಸುಳ್ಳು ಹೇಳುವುದಕ್ಕೆ ಲೈಸೆನ್ಸ್ ಬೇಕು" ಎಂದರು.

ಕಾಯಿಯನ್ನು ಇಳಿಸಲೆಂದು ಹುಡುಗ ಮರ ಹತ್ತುತ್ತಿದ್ದ.